ಎರಡು ಕಂಪ್ಯೂಟರಿನಲ್ಲಿ ಒಬ್ಬನೇ ಅಜ್ಜ

ನನ್ನ ಮದುವೆಯಾಯಿತು, ಮಂಗಳೂರಿನಲ್ಲಿ, ರಿಜಿಸ್ಟರ್ ಮದುವೆ, ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಗಂಡ (ಹಾಗೆ ಬರೆಯುವಾಗಲೂ ನಗು ಬರುತ್ತದೆ) ಈಗಷ್ಟೇ ಮದುವೆಯ ಫೋಟೋಗಳನ್ನು ತನ್ನ ಲಿನಕ್ಸ್ ಕಂಪ್ಯೂಟರಿನಿಂದ ನನ್ನ ವಿಂಡೋಸ್ ಲ್ಯಾಪ್‌ಟಾಪಿಗೆ ಕಳಿಸಲು ಕೂತ. ಲ್ಯಾಪ್‌ಟಾಪ್ ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು, ಆದರೂ ನಂಬಲಿಲ್ಲ. ಥೇಟ್ ಹಾರವಾಡದ ನಮ್ಮ ಅಜ್ಜಿ.

ನಾನು ಚಿಕ್ಕವಳಿದ್ದಾಗ, ತೀರಿಹೋದ ಅಜ್ಜನ ಇದ್ದೊಂದು ಫೋಟೋವನ್ನು ಒರಲೆ ಹುಳ ತಿಂದಿತ್ತು. ಅದರ ಪ್ರತಿ ಉಳಿದದ್ದು ಚಿಕ್ಕಪ್ಪನ ಲಿನಕ್ಸ್ ಕಂಪ್ಯೂಟರಿನಲ್ಲಿ ಮಾತ್ರ. ಅಪ್ಪನ ವಿಂಡೋಸಿಗೂ ಹಾಕೋಣವೆಂದು ಚಿಕ್ಕಪ್ಪ ಜಗಲಿಯಿಂದ ಒಳಕೋಣೆಗೆ ನೀಲಿ ವೈರು ಎಳೆದ. ಮೀನು ಕೊಯ್ಯುತ್ತಿದ್ದ ಅಜ್ಜಿ ಒದ್ದೆ ಕೈಯಲ್ಲೇ ಎದ್ದು ಬಂದಳು.

"ಇಲ್ಲಿಗೆ ಬಂದ್ರೆ ಅಲ್ಲಿ ಖಾಲಿ ಆಗೂದಲ್ವಾ ತಮ್ಮಾ? ನಡುವೆ ಕರೆಂಟ್ ಹೋದ್ರೆ ಅವ್ರು ಎಲ್ಲಿ ಉಳೀತಾರೆ?"

"ಅವ್ವಾ, ಇದು ಬರೇ ನಕಲು," ಎಂದ ಚಿಕ್ಕಪ್ಪ.

ಫೋಟೋ ಬಂತು. ಅಜ್ಜಿ ಅಪ್ಪನ ಪರದೆ ನೋಡಿದಳು, ಓಡಿಹೋಗಿ ಚಿಕ್ಕಪ್ಪನದನ್ನೂ ನೋಡಿದಳು. ಎರಡೂ ಕಡೆ ಅಜ್ಜನಿದ್ದ. ಅವಳ ಸಂಶಯ ಇನ್ನೂ ಹೆಚ್ಚಾಯಿತು.

"ಹಂಗಾರೆ ಖರೆ ಯಾವ್ದು?"

ಅಂದಿನಿಂದ ಅಜ್ಜಿ ಚಿಕ್ಕಪ್ಪನ ಕಂಪ್ಯೂಟರಿಗೆ ಮಾತ್ರ ಹೂ ಇಡುತ್ತಿದ್ದಳು.

ಅಂತೂ ನಮ್ಮ ಫೋಟೋಗಳು ಬಂದವು, ಅಪ್ಪನ ಫೋನಿಗೂ ಕಳಿಸಿದೆ. ಮಂಡಿನೋವಿನಿಂದ ಮದುವೆಗೆ ಬರಲಾಗದ ಅಜ್ಜಿ ನೋಡಿದವಳೇ ಫೋನ್ ಮಾಡಿಸಿದಳು.

"ಹುಡ್ಗ ಚಂದ ಇದ್ದಾನೆ ತಂಗಿ. ಆದ್ರೆ ಫೋಟೋ ನಂಬೂಕಾಗೂದಿಲ್ಲ. ನಾನೇ ಬಂದು ನೋಡೂದು."

ರವಿವಾರ ಬೆಳಿಗ್ಗೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ರೈಲಿನಲ್ಲಿ ಬರುತ್ತಾಳೆ.