ಗುರುದತ್ತರ ನಲವತ್ತೆಂಟು ಗಂಟೆ

ಗುರುದತ್ ಅವರನ್ನು ನಾನು ಒಂದು ದಿನವೂ ಮೆಚ್ಚಿದವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನವರು. ಡಬ್ಲಿನ್‌ಗೆ ಬಂದು ಹದಿನಾರು ವರ್ಷ, ಕ್ಯಾಸಲ್‌ನಾಕ್‌ನಲ್ಲಿ ಸ್ವಂತ ಮನೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಅಷ್ಟು ಸಾಲದೆಂದು ನಮ್ಮ ಕನ್ನಡ ಬಳಗಕ್ಕೆ ಅಧ್ಯಕ್ಷರೂ ಆಗಿದ್ದರು. ಅರವತ್ತು ಕುಟುಂಬಗಳ ಬಳಗ. ಯುಗಾದಿಗೆ ಒಬ್ಬಟ್ಟು, ನವೆಂಬರ್‌ನಲ್ಲಿ ರಾಜ್ಯೋತ್ಸವ, ಅಲ್ಲಿಗೆ ಮುಗಿಯಿತು. ಇಷ್ಟಕ್ಕೇ ಅವರಿಗೆ ಲೆಟರ್‌ಹೆಡ್ ಬೇಕು, ಕೋಟಿಗೆ ಬ್ಯಾಡ್ಜ್ ಬೇಕು. ಕಾರ್ಯದರ್ಶಿ ಅನಸೂಯ ಅಂದರೆ ನಾನು. ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ.

2020ರ ಲಾಕ್‌ಡೌನ್‌ನಲ್ಲಿ ಮನೆಯಿಂದ ಎರಡು ಕಿಲೋಮೀಟರ್ ಆಚೆ ಹೋಗುವಂತಿರಲಿಲ್ಲ. ವೇದಿಕೆಯಿಲ್ಲದೆ ಒದ್ದಾಡಿಹೋದ ಗುರುದತ್, ಪ್ರತಿ ಭಾನುವಾರ ಹನ್ನೊಂದಕ್ಕೆ ಜೂಮ್‌ನಲ್ಲಿ ಉಪನ್ಯಾಸ ಶುರು ಹಚ್ಚಿಕೊಂಡರು. ವಿಷಯ, ಯುದ್ಧ ಸಾರುವ ಅಧಿಕಾರ ಯಾರದು ಎಂಬುದು. ಆ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಸಂಸತ್ತನ್ನು ಕೇಳದೆ ಇರಾನಿನ ಸೇನಾನಿಯೊಬ್ಬನನ್ನು ಡ್ರೋನ್‌ನಿಂದ ಹೊಡೆಸಿದ್ದರು. ಅದು ಗುರುದತ್ತರಿಗೆ ತಮ್ಮ ಮನೆಯ ಕಾಂಪೌಂಡನ್ನೇ ಒಡೆದಷ್ಟು ಕೋಪ ತಂದಿತ್ತು.

"ನೋಡಿ, ಅಮೆರಿಕದಲ್ಲಿ ಅಧ್ಯಕ್ಷ ಸೈನ್ಯ ಕಳಿಸಿದ್ರೆ ನಲವತ್ತೆಂಟು ಗಂಟೆ ಒಳಗೆ ಸಂಸತ್ತಿಗೆ ತಿಳಿಸ್ಬೇಕು. ಒಪ್ಪಿಗೆ ಸಿಗ್ಲಿಲ್ವಾ, ಅರವತ್ತು ದಿನಕ್ಕೆ ವಾಪಸ್ ಕರ್ಕೋಬೇಕು. ಕಾನೂನೇ ಐತೆ. ಆದ್ರೆ ಆ ಸದಸ್ಯರಿಗೆ ಬೆನ್ನುಮೂಳೆ ಎಲ್ಲೈತೆ? ನಮ್ಮ ಐರ್ಲೆಂಡ್ ಗ್ರ್ಯಾಂಡ್! ಇಲ್ಲಿ ಡಾಲ್ ಒಪ್ಪದೆ ಯುದ್ಧವೇ ಇಲ್ಲ!"

ಡಾಲ್ ಎಂದರೆ ಇಲ್ಲಿನ ಲೋಕಸಭೆ. ಹದಿನೈದು ಜನ ಕ್ಯಾಮೆರಾ ಆಫ್ ಮಾಡಿ ತರಕಾರಿ ಹೆಚ್ಚುತ್ತ ಕೇಳುತ್ತಿದ್ದೆವು.

ಏಪ್ರಿಲ್‌ನಲ್ಲಿ ಗುರುದತ್ತರಿಗೆ ಶೆರಿನ್ ಎಂಬವಳು ಫೋನ್ ಮಾಡಿದಳು. ಉಡುಪಿ ಕಡೆಯ ಹುಡುಗಿ, ಕಿಲ್ಕೆನ್ನಿ ಹತ್ತಿರದ ಒಂದು ವೃದ್ಧರ ಕೇರ್ ಹೋಮ್‌ನಲ್ಲಿ ನರ್ಸ್. ಅಲ್ಲಿ ಮಾಸ್ಕ್ ಮುಗಿದಿತ್ತು. ಬಳಗದವರ ಮನೆಗಳಲ್ಲಿದ್ದರೆ ನಾಲ್ಕು ಡಬ್ಬ ಕಳಿಸಿ ಎಂದಷ್ಟೇ ಕೇಳಿದ್ದಳು. ಜೂನ್‌ನಲ್ಲಿ ಅವಳ ವರ್ಕ್ ಪರ್ಮಿಟ್ ಮುಗಿಯುತ್ತಿತ್ತು, ನವೀಕರಿಸಲು ಮಾಲೀಕರ ಸಹಿ ಬೇಕಿತ್ತು. ಅದನ್ನೂ ಹೇಳಿದ್ದಳಂತೆ.

ಗುರುದತ್ ಮಾಸ್ಕ್ ಕಳಿಸಲಿಲ್ಲ. ಬಳಗದ ಲೆಟರ್‌ಹೆಡ್‌ನಲ್ಲಿ ಮಾಲೀಕರಿಗೆ ಪತ್ರ ಬರೆದರು. 'ನಿಮ್ಮ ನಿರ್ಲಕ್ಷ್ಯದ ವಿರುದ್ಧ ನಮ್ಮ ಸಮುದಾಯ ಯುದ್ಧ ಸಾರಿದೆ.' ಕೆಳಗೆ ಸಾಕ್ಷಿ ಎಂದು ಶೆರಿನ್‌ಳ ಪೂರ್ತಿ ಹೆಸರು. ಮೂರು ಪತ್ರಿಕೆಗಳಿಗೆ ಪ್ರತಿ. ಬಳಗದ ಹೆಸರಿನಲ್ಲಿ ಯಾವ ಪತ್ರ ಹೋದರೂ ಮೊದಲು ಸಮಿತಿ ಒಪ್ಪಬೇಕೆಂಬ ನಿಯಮವಿದೆ. ಅದನ್ನು ಬರೆದವರು ಯಾರೆಂದುಕೊಂಡಿರಿ? ಇದೇ ಮಹಾನುಭಾವರು.

ಮರುದಿನವೇ ಕೇರ್ ಹೋಮ್‌ನವರು ಶೆರಿನ್‌ಗೆ ಡ್ಯೂಟಿಗೆ ಬರಬೇಡ ಎಂದರು. ಅದರ ಮರುದಿನ, ಪತ್ರ ಹೋಗಿ ಸರಿಯಾಗಿ ನಲವತ್ತೆಂಟು ಗಂಟೆ ತುಂಬುವ ಮೊದಲು, ಗುರುದತ್ ಜೂಮ್‌ನಲ್ಲಿ ಸಮಿತಿಯ ಸಭೆ ಕರೆದರು. ಆ ಹೊತ್ತಿನಲ್ಲೂ ಆ ಮನುಷ್ಯನ ಮುಖದಲ್ಲಿ ಹೆಮ್ಮೆಯಿತ್ತು.

ಶೆರಿನ್ ಕೂಡ ಸಭೆಗೆ ಬಂದಳು. ಅತ್ತು ಕಣ್ಣು ಊದಿತ್ತು.

"ನಾನು ಕೇಳಿದ್ದು ಮಾಸ್ಕ್ ಮಾತ್ರ ಸರ್. ಯುದ್ಧ ಎಂತಕ್ಕೆ? ಶೆರಿನ್‌ನ ಕೇಳದೆ ಹೆಸರು ಹಾಕಿದ್ದೇವೆ, ಪತ್ರ ವಾಪಸ್ ತಗೊಂಡಿದ್ದೇವೆ ಅಂತ ಸಮಿತಿಯಿಂದ ಎರಡು ಸಾಲು ಬರೆದು ಕೊಡಿ. ಮ್ಯಾನೇಜರ್ ನನ್ನನ್ನು ಇಟ್ಕೊಳ್ತಾರಂತೆ."

"ಮತ ಹಾಕೋವಾಗ ಸಮಿತಿಯವರಲ್ಲದೋರು ಇರೋ ಹಾಗಿಲ್ಲಮ್ಮ," ಎಂದು ಗುರುದತ್ ಅವಳನ್ನು ಜೂಮ್‌ನ ವೇಟಿಂಗ್ ರೂಮಿಗೆ ತಳ್ಳಿದರು. ನಿಯಮ ಆಗ ನೆನಪಾಯಿತು.

ಉಳಿದವರು ನಾವು ಏಳು ಜನ. ವೆಂಕಟೇಶಮೂರ್ತಿ ಬೆಂಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ನಿವೃತ್ತರಾಗಿ ಮಗಳ ಜೊತೆ ಇರಲು ಬಂದವರು. ಗಂಟಲು ಸರಿಮಾಡಿಕೊಂಡು, "ಪತ್ರ ಹೋಗಿಬಿಟ್ಟೈತೆ. ಘಟನೋತ್ತರ ಅನುಮೋದನೆ ಕೊಟ್ಬಿಡಣ," ಎಂದರು. ಕೆಲಸ ಕೆಟ್ಟ ಮೇಲೆ ಅದಕ್ಕೆ ಮೊಹರು ಒತ್ತುವ ಈ ಪದ್ಧತಿಯನ್ನು ನಾವು ಊರಿನಿಂದ ಉಪ್ಪಿನಕಾಯಿಯಂತೆ ಕಟ್ಟಿಕೊಂಡು ಬಂದಿದ್ದೇವೆ. "ವಾಪಸ್ ತಗೊಂಡ್ರೆ ಬಳಗದ ಮರ್ಯಾದೆ ಹೋಗತ್ತೆ," ಎಂದರು ಗೀತಾ. ಮಿಕ್ಕವರು ಮ್ಯೂಟ್. ಯಾರಿಗೂ ಗುರುದತ್ತರ ಮೇಲೆ ಪ್ರೀತಿಯಿರಲಿಲ್ಲ. ರಾಜ್ಯೋತ್ಸವಕ್ಕೆ ಹಾಲ್ ಗೊತ್ತುಮಾಡುವವರು ಅವರು, ಸುಮ್ಮನೆ ಯಾಕೆ ಎದುರು ಹಾಕಿಕೊಳ್ಳುವುದು, ಅಷ್ಟೇ. ಥೂ, ಏನು ಜನವೋ! ಕೈಗಳು ಎದ್ದವು. ನಡಾವಳಿಯಲ್ಲಿ 'ಸರ್ವಾನುಮತದಿಂದ' ಎಂದು ಬರೆದೆ.

ಜೂನ್‌ನಲ್ಲಿ ಗುರುದತ್ ಅರವತ್ತು ದಿನಗಳ ನಿಯಮದ ಬಗ್ಗೆ ಇನ್ನೊಂದು ಉಪನ್ಯಾಸ ಕೊಟ್ಟರು. ಬಾಂಬು ಬಿದ್ದ ಮೇಲೆ ಚಪ್ಪಾಳೆ ತಟ್ಟುವ ಸಂಸದರನ್ನು ಬಾಯಿಗೆ ಬಂದಂತೆ ಬೈದರು. ವೆಂಕಟೇಶಮೂರ್ತಿ ಚಪ್ಪಾಳೆ ತಟ್ಟಿದರು.

ಅದೇ ವಾರ ಶೆರಿನ್ ನನಗೆ ಫೋನ್ ಮಾಡಿದಳು. ಪರ್ಮಿಟ್ ಮುಗಿದಿತ್ತು, ಊರಿಗೆ ಹೊರಟಿದ್ದಳು.

"ಅನಸೂಯಕ್ಕ, ಒಂದೇ ಕೇಳ್ಬೇಕಿತ್ತು. ನೀವು ಕೈ ಎತ್ತಲಿಲ್ಲ ಅಲ್ವಾ?"

ಸುಳ್ಳು ಹೇಳಬಹುದಿತ್ತು. ನಡಾವಳಿ ನನ್ನ ಹತ್ತಿರವೇ ಇತ್ತು, ಅವಳು ನೋಡುತ್ತಿರಲಿಲ್ಲ.

"ಎತ್ತಿದೆ ಶೆರಿನ್," ಎಂದೆ.

ಅತ್ತ ಸೂಟ್‌ಕೇಸಿನ ಜಿಪ್ ಎಳೆದ ಸದ್ದು ಕೇಳಿಸಿತು.

"ಆಯ್ತು ಅಕ್ಕ. ನನ್ನ ಕುಕ್ಕರ್ ಹೊಸದುಂಟು, ಒಯ್ಯಲಿಕ್ಕೆ ಆಗುದಿಲ್ಲ. ಬಳಗದಲ್ಲಿ ಯಾರಿಗಾದ್ರೂ ಬೇಕಾ ಕೇಳಿ."