ತಂಗಿಯ ಪಾಲಿಗೆ ಹೋದ ಎರಡು ಬೆಸುಗೆ

ಐವತ್ತರ ದಶಕದಲ್ಲಿ ಮುಂಬಯಿಯ ಕುರ್ಲಾದ ಒಂದು ರೇಡಿಯೋ ಕಾರ್ಖಾನೆಯಲ್ಲಿ ನಾನೂ ನನ್ನ ತಂಗಿಯೂ ಒಂದೇ ಸಾಲಿನಲ್ಲಿ ಕೂತು ಕೆಲಸ ಮಾಡುತ್ತಿದ್ದೆವು. ಧಾರವಾಡದ ಕಡೆಯವರು, ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವರು. ಉದ್ದನೆಯ ಮೇಜು. ರೇಡಿಯೋದ ತಗಡಿನ ತಳ ಒಬ್ಬಳಿಂದ ಇನ್ನೊಬ್ಬಳ ಮುಂದೆ ಸರಿಯುತ್ತ ಬರುತ್ತಿತ್ತು. ಒಬ್ಬೊಬ್ಬಳೂ ತನ್ನ ಪಾಲಿನ ತಂತಿಗಳಿಗೆ ಬೆಸುಗೆ ಹಾಕಿ ಮುಂದೆ ತಳ್ಳಬೇಕು. ನಾನು ಆಗಲೇ ಖಾಯಂ ಆಗಿದ್ದೆ. ತಂಗಿ ಹೊಸಬಳು, ನನ್ನ ನಂತರದ ಜಾಗ ಅವಳದು. ಮಳೆಗಾಲ ಮುಗಿಯುವುದರೊಳಗೆ ಕೈ ಕುದುರಿದರೆ ಅವಳನ್ನೂ ಖಾಯಂ ಮಾಡುವುದಾಗಿ ಹೇಳಿದ್ದರು.

ಆಗ ಸಾಲಿನಲ್ಲಿ ಕೆಲಸವನ್ನು ಸಮನಾಗಿ ಹಂಚಬೇಕೆಂದು ಸಾಹೇಬರೊಬ್ಬರು ಗಡಿಯಾರ ಹಿಡಿದು ಒಬ್ಬೊಬ್ಬಳ ಹೊತ್ತು ಅಳೆಯಲು ಬಂದರು. ಹಳಬರಿಗೆಲ್ಲ ಗೊತ್ತಿತ್ತು: ಗಡಿಯಾರ ಬೆನ್ನ ಹಿಂದೆ ನಿಂತಾಗ ಕೈ ನಿಧಾನ ಮಾಡಬೇಕು, ಇಲ್ಲವಾದರೆ ಉಳಿದ ಹೊತ್ತಿಗೆ ಇನ್ನೊಬ್ಬರ ಕೆಲಸ ತಂದು ಹಾಕುತ್ತಾರೆ. ಪಕ್ಕದ ಮರಾಠಿ ಹೆಂಗಸು ನಾನು ಸೇರಿದ ವಾರವೇ ಇದನ್ನು ಕಿವಿಯಲ್ಲಿ ಹೇಳಿದ್ದಳು. ನಾನು ತಂಗಿಗೆ ಹೇಳಲಿಲ್ಲ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅಲ್ಲದೆ ಹೊಸಬಳು ಚುರುಕು ತೋರಿಸಿದರೆ ಒಳ್ಳೆಯದೇ ಅಂದುಕೊಂಡೆ.

ನನ್ನ ಸರದಿಯಲ್ಲಿ ತಂತಿಯನ್ನು ಎರಡೆರಡು ಸಲ ನೇರ ಮಾಡಿದೆ, ಬೆಸುಗೆಯ ಮೇಲೆ ಊದಿದೆ. ತಂಗಿಯ ಕೈ ಮಾತ್ರ ಸರಸರ ಓಡಿತು. ಸಾಹೇಬರು ಅತ್ತ ಹೋದ ಮೇಲೆ ಮರಾಠಿಯವಳು ನಕ್ಕಳು: "ತೇರಿ ಬೆಹನ್ ತೋ ಫಾಸ್ಟ್ ಲೋಕಲ್ ಹೈ, ಕುರ್ಲಾ ಮೇ ಭೀ ನಹೀ ರುಕ್ತೀ!" ಕುರ್ಲಾದಲ್ಲೂ ನಿಲ್ಲದ ವೇಗದ ರೈಲುಗಾಡಿ ಎನ್ನಿಸಿಕೊಂಡು ತಂಗಿ ಹಿಗ್ಗಿದಳು.

ಮರುವಾರ ನನ್ನ ಎರಡು ಬೆಸುಗೆ ಅವಳ ಪಾಲಿಗೆ ಹೋದವು. ತಳಗಳು ಅವಳ ಮುಂದೆ ಗುಡ್ಡೆ ಬೀಳತೊಡಗಿದವು. ಅವಸರಕ್ಕೆ ಬೆರಳು ಸುಟ್ಟುಕೊಳ್ಳುತ್ತಿದ್ದಳು. ಬೆಸುಗೆ ಸರಿಯಾಗಿ ಕಚ್ಚದೆ ಎಷ್ಟೋ ತಳಗಳು ತಿರುಗಿ ಬರುತ್ತಿದ್ದವು. ನಾನು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಮುಂದಿನದಕ್ಕೆ ಕಾಯುತ್ತಿದ್ದೆ.

"ಅಕ್ಕಾ, ನಿನ್ನ ಕೈ ಖಾಲೀನ ಅದಾವಲ್ಲ, ಆ ಎರಡು ನೀನ ಹಾಕಿ ಕಳಸವಾ," ಎಂದಳು ಒಂದು ದಿನ.

"ಸಾಹೇಬ್ರು ನೋಡಿದ್ರ? ನಿನ್ನ ಪಾಲಿಂದು ನೀ ಮಾಡು."

"ಮೊದಲ ನಿನ್ನ ಪಾಲಿನವ ಇದ್ದೂವಲ್ಲ?"

"ಇದ್ದೂವು, ಈಗಿಲ್ಲ. ಮಾತ ಸಾಕು, ಕೈ ಆಡಸು."

ಹಾಕಿಕೊಟ್ಟಿದ್ದರೆ ನನ್ನ ಹತ್ತಿರ ಹೊತ್ತು ಉಳಿಯುತ್ತದೆಂದು, ಅಳತೆಯ ದಿನ ನಾನು ಬೇಕೆಂದೇ ಕೈ ನಿಧಾನ ಮಾಡಿದ್ದೆನೆಂದು ಸಾಹೇಬರಿಗೆ ತಿಳಿದುಬಿಡುತ್ತಿತ್ತು. ಅದೊಂದೇ ಕಾರಣವೂ ಅಲ್ಲ. ನಡುನಡುವೆ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಸುಖ ನನಗೆ ರೂಢಿಯಾಗಿತ್ತು.

ದಸರೆಗೆ ಮುಂಚೆ ಅವಳನ್ನು ಕೆಲಸದಿಂದ ಬಿಡಿಸಿದರು. ನಾವು ಚಾಳಿನ ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಉಣ್ಣಲು ಕೂತೆ. ಸುದ್ದಿ ಕೇಳಿ ಅವ್ವ ಕೈ ನಿಲ್ಲಿಸಿದಳು.

"ಯಾಕ, ಏನಾತು? ಅಕ್ಕ ಬಾಜೂಕನ ಇದ್ದಳಲ್ಲ?"

ತಂಗಿ ಸುಟ್ಟ ಬೆರಳನ್ನು ತಂಬಿಗೆಯ ನೀರಿನಲ್ಲಿ ಅದ್ದಿಕೊಂಡು ಕೂತಿದ್ದಳು. "ನನ್ನ ಕೈ ನಿಧಾನ ಅವ್ವಾ. ಅಕ್ಕ ಆದ್ರೂ ಏನ್ ಮಾಡ್ತಾಳ?"

ಅವಳ ಕೈ ಎಷ್ಟು ಚುರುಕೆಂದು ಆ ಮನೆಯಲ್ಲಿ ಬಲ್ಲವಳು ನಾನೊಬ್ಬಳೇ. ತಾಟು ಮುಂದೆ ಸರಿಸಿ ಇನ್ನೊಂದು ರೊಟ್ಟಿ ಕೇಳಿದೆ.