ಎರಡೂ ಬೆರಳು ನಡೆದ ಸಾಲು

ನಮ್ಮ ಮೇಷ್ಟ್ರ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಶೇಂಗಾ ಸುಲಿಯೋ ಮಿಷನ್ನಿಗೆ ಕೈ ಕೊಟ್ಟಿದ್ದರಂತೆ. ಆ ಸೀಳುಗುರನ್ನು ಯಾವುದೋ ಹಳೇ ಪುಸ್ತಕದ ಸಾಲಿನ ಮೇಲಿಟ್ಟು, ಬಲಗೈ ಬೆರಳನ್ನು ಪತ್ರಿಕೆಗೆ ಬಂದ ಲೇಖನದ ಮೇಲಿಟ್ಟು, ಎರಡನ್ನೂ ಒಟ್ಟಿಗೇ ಸರಿಸುತ್ತಾ ಹೋಗೋರು. ಬೆರಳುಗಳು ಜೋಡೆತ್ತಿನ ಹಾಗೆ ಒಂದೇ ಸಮ ನಡೆದರೆ ಮುಗೀತು. ತಲೆ ಎತ್ತಿ "ಸಿಕ್ತಲ್ಲಮ್ಮ" ಅನ್ನೋರು. ನನಗೆ ಅಳುವೇ ಬರೋದು. ಯಾಕಂದರೆ ಅಲ್ಲಿಂದ ಮುಂದಿನ ಎರಡು ತಿಂಗಳ ರಾಮಾಯಣವೆಲ್ಲ ನನ್ನ ತಲೆಗೆ.

ಚಳ್ಳಕೆರೆಯ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರು ಅವರು. ಮನೆಯ ಮುಂದಿನ ಕೋಣೆಯಲ್ಲೇ ಜನಪದ ಸಂಶೋಧನೆಯ ಒಂದು ತ್ರೈಮಾಸಿಕ ನಡೆಸುತ್ತಿದ್ದರು. ನಾನು ಅದೇ ಕಾಲೇಜಿನ ಅತಿಥಿ ಉಪನ್ಯಾಸಕಿ. ಪಿಎಚ್.ಡಿ.ಗೆ ಒಂದು ಲೇಖನ ಅಚ್ಚಾಗಬೇಕಿತ್ತು, ಕೊಡೋಣ ಅಂತ ಹೋದೆ. ಲೇಖನ ಆರು ಸಲ ವಾಪಸ್ ಬಂತು. ಏಳನೇ ಸಲ ಹೋದಾಗ, "ಹೆಂಗೂ ದಿನಾ ಬರ್ತೀಯಾ, ಈ ಪ್ರೂಫ್ ನೋಡು" ಅಂತ ಕೈಗಿಟ್ಟರು. ಹೀಗೆ ನಾನು ಸಹಸಂಪಾದಕಿಯಾದೆ.

ಕದ್ದ ಲೇಖನ ಸಿಕ್ಕರೆ ಬೇರೆಯವರು ಏನು ಮಾಡ್ತಾರೆ? ಅಚ್ಚು ಹಾಕಲ್ಲ, ಅಷ್ಟೇ. ಇವರು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಮೂಲ, ಬಲಕ್ಕೆ ನಕಲು ನನ್ನ ಕೈಲಿ ಬರೆಸಿ, "ತಾವು ವಿವರಣೆ ನೀಡಬೇಕಾಗಿ ವಿನಂತಿ" ಅಂತ ರಿಜಿಸ್ಟರ್ಡ್ ಪೋಸ್ಟ್ ಮಾಡೋರು. ವಾಟ್ಸ್ಯಾಪ್ ಮಾಡಿದರೆ ಆಗಲ್ವಾ ಸಾರ್ ಅಂದರೆ ಆಗಲ್ಲ. ಪೋಸ್ಟಾಫೀಸಿನ ಕ್ಯೂನಲ್ಲಿ ನಿಲ್ಲೋಳು ನಾನು. "ಮೊದ್ಲು ಕೇಳಬೇಕಮ್ಮ, ಆಮೇಲೆ ಬೈಬೇಕು. ಎತ್ಕೊಂಡಿದ್ದು ತಪ್ಪಲ್ಲ, ಎತ್ಕೊಂಡೆ ಅಂತ ಹೇಳದೆ ಇದ್ದದ್ದು ತಪ್ಪು" ಅನ್ನೋರು. ಮಂಡಕ್ಕಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿ, "ಇದು ಎಲ್ಲೋ ಓದಿದಂಗೈತಲ್ಲ" ಅನ್ನೋ ಮನುಷ್ಯನ ಜೊತೆ ಹೇಗೆ ಏಗೋದು, ನೀವೇ ಹೇಳಿ.

ಇಷ್ಟಾದರೂ ಸಹಿಸಿಕೊಂಡಿದ್ದೆ. ಒಂದು ದಿನ ನನ್ನ ಪಿಎಚ್.ಡಿ. ಗೈಡೇ ನಮ್ಮ ಪತ್ರಿಕೆಗೆ ಲೇಖನ ಕಳಿಸಿದರು. ಕುರಿಗಾಹಿಗಳ ವಲಸೆಯ ಬಗ್ಗೆ. ಕೃತಿಚೌರ್ಯ ಹಿಡಿಯೋ ಸಾಫ್ಟ್‌ವೇರಿಗೆ ಹಾಕಿದೆ, ಏನೂ ಇಲ್ಲ ಅಂತ ಹಸಿರು ತೋರಿಸಿತು. ದೇವರು ದೊಡ್ಡೋನು ಅಂದುಕೊಂಡೆ. ಮೇಷ್ಟ್ರು ಎರಡು ಪುಟ ಓದಿದವರೇ ಎದ್ದು ಬೀರು ತೆಗೆದು, ನಾಯಕನಹಟ್ಟಿ ಕಡೆಯ ಯಾವುದೋ ಶಾಲೆಯ ಹಳೇ ಸ್ಮರಣ ಸಂಚಿಕೆ ಹುಡುಕಿ ತಂದರು. ಪ್ರೈಮರಿ ಮೇಷ್ಟ್ರೊಬ್ಬರು ಬರೆದ ಲೇಖನ. ಎರಡೂ ಬೆರಳು ನಾಲ್ಕು ಪುಟ ನಿಲ್ಲದೆ ನಡೆದವು.

"ನಿನ್ನ ಕಂಪ್ಯೂಟರ್ ಮಿಷನ್ನಿಗೆ ನಮ್ಮ ಬೀರು ಏನು ಗೊತ್ತಮ್ಮ?" ಅಂದರು.

"ಸಾರ್, ಕೈ ಮುಗೀತೀನಿ. ಅವರು ಸಹಿ ಹಾಕಿದ್ರೇನೇ ನನ್ನ ಥೀಸಿಸ್ಸು ಯೂನಿವರ್ಸಿಟಿಗೆ ಹೋಗೋದು. ಜಾಗ ಇಲ್ಲ ಅಂತ ಹೇಳಿ ವಾಪಸ್ ಕಳಿಸಿಬಿಡಿ."

"ಸುಮ್ನೆ ಕಳಿಸಿದ್ರೆ ಇನ್ನೊಂದು ಪತ್ರಿಕೆಗೆ ಹೋಗ್ತೈತೆ. ಆ ಪ್ರೈಮರಿ ಮೇಷ್ಟ್ರು ಸತ್ತು ಎಷ್ಟೋ ವರ್ಷ ಆತು, ಅವರ ಪರವಾಗಿ ಕೇಳೋರು ಯಾರೈದಾರೆ? ಬರಿ, ಎಡಕ್ಕೆ ಮೂಲ."

ನನ್ನ ಗೈಡಿನ ಕಳ್ಳತನವನ್ನು ನನ್ನ ಕೈಯಿಂದಲೇ ಬರೆಸಿದರು. ಯಾವ ಜನ್ಮದ ಪಾಪವೋ! ವಾರಕ್ಕೆ ಗೈಡಿನ ಫೋನು ಬಂತು. "ನಿಮ್ಮ ಮೇಷ್ಟ್ರಿಗೆ ಹೇಳು, ಮುದ್ದೆ ಉಂಡು ಸುಮ್ನೆ ಮಲಗಲಿ ಅಂತ. ನಿನಗೆ ನನ್ನ ಸಹಿ ಬೇಕೋ ಬೇಡವೋ?" ಅದರ ಹಿಂದೆಯೇ ಒಂದು ಲಕೋಟೆ ಬಂತು. ಅವರೂ ಹಾಳೆಯ ನಡುವೆ ಗೆರೆ ಎಳೆದಿದ್ದರು. ಬಲಕ್ಕೆ ನಮ್ಮ ಮೇಷ್ಟ್ರು ಇಪ್ಪತ್ತು ವರ್ಷದ ಹಿಂದೆ ಮೊಳಕಾಲ್ಮೂರು ರೇಷ್ಮೆ ನೇಯ್ಗೆಯ ಬಗ್ಗೆ ಬರೆದು ಹೆಸರು ಮಾಡಿದ್ದ ಲೇಖನ. ಎಡಕ್ಕೆ, ಅದಕ್ಕೂ ಮೊದಲು ಮೇಷ್ಟ್ರ ಕ್ಲಾಸಿನಲ್ಲೇ ಬಿ.ಎ. ಓದುತ್ತಿದ್ದ ಒಬ್ಬ ನೇಕಾರರ ಹುಡುಗಿ ಬರೆದ ಪ್ರಾಜೆಕ್ಟ್ ನೋಟ್ ಪುಸ್ತಕದ ಝೆರಾಕ್ಸ್. ಗೈಡು ಆಗ ಇದೇ ಕಾಲೇಜಿನಲ್ಲಿ ಮೇಷ್ಟ್ರ ಕೈಕೆಳಗಿದ್ದವರು. ನೋಟ್ ಪುಸ್ತಕವನ್ನು ಇಷ್ಟು ವರ್ಷ ಜೋಪಾನ ಮಾಡಿದ್ದಾರೆ, ಮಹಾನುಭಾವರು.

ಮೇಷ್ಟ್ರು ಬೆರಳು ಇಟ್ಟರು. ಒಂದು ಪ್ಯಾರಾ ಪೂರ್ತಿ ಎರಡೂ ಒಟ್ಟಿಗೇ ಹೋದವು. ಕೆಳಗಿನ ಸಾಲಿಗೆ ಬಂದು ನಿಂತ ಮೇಲೂ ಕೈ ತೆಗೆಯಲಿಲ್ಲ. "ಸಿಕ್ತಲ್ಲಮ್ಮ" ಅಂದರು.

ನಾನು, ನಾಚಿಕೆ ಬಿಟ್ಟು ಹೇಳ್ತೀನಿ, ಖುಷಿಪಟ್ಟೆ. "ಸಾರ್, ಅಲ್ಲಿಗಲ್ಲಿಗೆ ಸರಿಹೋಯ್ತು. ಅವರದ್ದು ನೀವು ಮುಚ್ಚಿಡಿ, ನಿಮ್ಮದು ಅವರು ಮುಚ್ಚಿಡ್ತಾರೆ" ಅಂದೆ.

"ನಾಳೆ ಮೊಳಕಾಲ್ಮೂರಿಗೆ ಹೋಗಾನ, ಬರ್ತೀಯಾ?" ಅಂದರು.

ಆ ಹುಡುಗಿಗೆ ಈಗ ನಲವತ್ತು ದಾಟಿದೆ. ಮಗ್ಗದ ಮುಂದೆ ಕೂತು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಮಗ್ಗದ ಉದ್ದಕ್ಕೂ ಹಾಯುವ, ಮುಗಿದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಹೊಸೆದು ಸೇರಿಸುತ್ತಿದ್ದಳು. ಮೇಷ್ಟ್ರನ್ನು ಕಂಡು ಗಡಬಡಿಸಿ ಎದ್ದು, "ಅಯ್ಯೋ ದೇವುಡಾ, ಸಾರ್! ಕೂರ್ಚೋಂಡಿ, ಕೂರ್ಚೋಂಡಿ" ಅಂತ ಮನೆಮಾತು ತೆಲುಗಿನಲ್ಲೇ ಅಂದು ಕುರ್ಚಿ ಎಳೆದಳು. ಮೇಷ್ಟ್ರು ಕೂರಲಿಲ್ಲ. ನಿಂತೇ ಹೇಳಿದರು, "ನಿನ್ನ ಬರಹ ನಂದು ಅಂತ ಅಚ್ಚು ಹಾಕ್ಸಿದೀನಮ್ಮ. ತಪ್ಪಾತು."

ಅವಳು ನಕ್ಕುಬಿಟ್ಟಳು. "ಅದಕ್ಕೇನು ಸಾರ್, ನೀವು ಹತ್ತಕ್ಕೆ ಹತ್ತು ಮಾರ್ಕ್ಸ್ ಕೊಟ್ಟಿದ್ರಲ್ಲ!" ಆಮೇಲೆ ಬೂದಿಯ ಬಟ್ಟಲು ನೋಡುತ್ತಾ ಅಂದಳು, "ಹೆಸರು ಹಾಕೋದಾದ್ರೆ ಮೊದ್ಲು ನಮ್ಮವ್ವಂದು ಹಾಕ್ರಿ. ಹೇಳಿದ್ದೆಲ್ಲ ಅವಳು, ನಾನು ಬರ್ಕೊಂಡೆ ಅಷ್ಟೇ. ಹೋದ ವರ್ಷ ಹೋಗಿಬಿಟ್ಲು ಸಾರ್. ಇದ್ದಾಗ ಬಂದಿದ್ರೆ ಚೆನ್ನಾಗಿರ್ತಿತ್ತು."

ಎಳೆಗೆ ಬೂದಿ ಯಾಕೆ, ಎಷ್ಟು ಅಂತ ನಾನು ಕೇಳಿದ್ದಕ್ಕೂ, ಹೊಸೆಯುವಾಗ ಎಳೆ ಜಾರಬಾರದು ಅಂತ ವಿವರವಾಗಿ ಹೇಳಿ, ಟೀ ಕೊಟ್ಟು ಕಳಿಸಿದಳು.

ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ತಮ್ಮ ಲೇಖನವನ್ನು ಹಿಂತೆಗೆದುಕೊಂಡ ಪ್ರಕಟಣೆ ಹಾಕಿದರು, ತಾಯಿ ಮಗಳಿಬ್ಬರ ಹೆಸರೂ ಸೇರಿಸಿ. ಗೈಡಿನ ಕೈಲಿದ್ದ ಅಸ್ತ್ರ ಠುಸ್ಸಾಯಿತು. ಅವರು ತೆಪ್ಪಗೆ ತಮ್ಮ ಲೇಖನ ವಾಪಸ್ ತೆಗೆದುಕೊಂಡರು. ನನ್ನ ಥೀಸಿಸ್ಸಿಗೆ ಸಹಿಯನ್ನಂತೂ ಹಾಕಲಿಲ್ಲ. ಬೇರೆ ಗೈಡು ಹುಡುಕಿ, ಅರ್ಜಿ ಮೇಲೆ ಅರ್ಜಿ ಕೊಟ್ಟು ಎರಡು ವರ್ಷ ಅಲೆದೆ. ಎರಡು ವರ್ಷ! ಒಂದು ದಿನ ಸಿಟ್ಟು ತಡೆಯದೆ, "ನಿಮ್ಮಿಂದ ನಾನು ಹಾಳಾದೆ ಸಾರ್" ಅಂತ ಮುಖಕ್ಕೇ ಅಂದಿದ್ದೆ. "ಹೌದಮ್ಮ" ಅಂದಿದ್ದರು.

ಕೊನೆಗೂ ಥೀಸಿಸ್ ಬೈಂಡ್ ಆಯಿತು. ಯೂನಿವರ್ಸಿಟಿಗೆ ಕೊಡೋ ಮೊದಲು ಮೇಷ್ಟ್ರಿಗೆ ತೋರಿಸೋಣ ಅಂತ ಒಯ್ದೆ. ಆಗ ಅವರು ಹಾಸಿಗೆ ಹಿಡಿದಿದ್ದರು. ಖುಷಿಪಡುತ್ತಾರೆ, ಒಂದು ಒಳ್ಳೇ ಮಾತಾಡುತ್ತಾರೆ ಅಂತ ಪಕ್ಕದಲ್ಲಿ ಕೂತೆ. ಬಲಗೈ ಬೆರಳು ಸಾಲಿನ ಮೇಲೆ ಸರಿಯುತ್ತಾ ಹೋಯಿತು. ನಾಲ್ಕನೇ ಅಧ್ಯಾಯಕ್ಕೆ ಬಂದಾಗ ನೋಡ್ತೀನಿ, ಎಡಗೈಯ ಸೀಳುಗುರೂ ಹೊದ್ದ ಕಂಬಳಿಯ ಮೇಲೆ ಅದರ ಜೊತೆಗೇ ಸರಿಯುತ್ತಿದೆ. ಅಲ್ಲಿ ಪುಸ್ತಕವೇ ಇರಲಿಲ್ಲ.

"'ಎಳೆಗೆ ಬೂದಿ ಮುಟ್ಟಿಸುವುದು ಕ್ಷೇತ್ರಕಾರ್ಯದಲ್ಲಿ ಕಂಡುಬಂದಿದೆ.' ಯಾರಿಗೆ ಕಂಡುಬಂತಮ್ಮ? ಯಾರು ತೋರ್ಸಿದ್ದು?"

ಮೊಳಕಾಲ್ಮೂರಿನಲ್ಲಿ ಅವಳು ಟೀ ಕೊಟ್ಟು ಹೇಳಿದ ಮಾತುಗಳೇ ಅವು. ಹೆಚ್ಚುಕಡಿಮೆ ಅವಳ ಮಾತಿನ ವರಸೆಯಲ್ಲೇ ಇಳಿಸಿದ್ದೆ, ಹೆಸರು ಹಾಕಬೇಕು ಅಂತ ಹೊಳೆದೂ ಇರಲಿಲ್ಲ. ಬೈಂಡ್ ಆಗಿದೆ ಸಾರ್, ಐದು ಕಾಪಿ ಸಾರ್, ಅಂತ ಗೋಗರೆದೆ. ಅವರು ಕಣ್ಣು ಮುಚ್ಚಿಕೊಂಡು, "ಬಿಚ್ಚಿಸು" ಅಂದರು.

ಶಾಪ ಹಾಕುತ್ತಲೇ ಐದೂ ಕಾಪಿ ಬಿಚ್ಚಿಸಿದೆ. ಹೊಸ ಪುಟ ಸೇರಿಸಿ ಬೈಂಡ್ ಮಾಡಿಸಿ ತರೋ ಹೊತ್ತಿಗೆ ಅವರ ಮನೆಯ ಮುಂದೆ ಸಾವಿನ ಚಪ್ಪರ ಹಾಕಿದ್ದರು. ಆ ಎರಡು ಬೆರಳು ನನ್ನ ಪುಟದ ಮೇಲೆ ಇನ್ನೊಂದು ಸಲ ಓಡಾಡಲಿಲ್ಲ ಅನ್ನೋ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಅವರ ಹೆಸರು ಇಲ್ಲಿ ಬರೆದಿಲ್ಲ, ಬರೆದರೆ ಅವರೇ ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದರು. ಬೂದಿಯ ಮಾತು ಮಾತ್ರ ನನ್ನದಲ್ಲ. ಹೇಳಿದ್ದು ಮೊಳಕಾಲ್ಮೂರಿನ ಈರಮ್ಮ, ಬರೆದಿಟ್ಟು ನನಗೂ ಹೇಳಿದ್ದು ಅವರ ಮಗಳು ಲಕ್ಷ್ಮೀದೇವಿ. ಆಯ್ತಾ ಸಾರ್?